ತೋಳದ ಅಡವಿಯ ಸೈಕಲ್ ಹಾದಿ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆದರ್‌ಲ್ಯಾಂಡ್ಸ್ ದೇಶದಿಂದ ಒಂದಷ್ಟು ಛಾಯಾಚಿತ್ರಗಳನ್ನು ಕಳುಹಿಸಿದ್ದ. ಅವನು ಅಲ್ಲಿ ಎಂಜಿನಿಯರ್ ಆಗಿದ್ದಾನೆ; ಕುಷ್ಟಗಿ ಸೀಮೆಯ ಹುಡುಗ. ಚಿತ್ರಗಳಲ್ಲಿ ಕಣ್ಣು ಹಾಯುವಷ್ಟು ದೂರ ಮೊಣಕಾಲೆತ್ತರದ ಪೊದೆಗಳು, ಅವುಗಳ ತುಂಬ ನಸುನೇರಳೆ ಬಣ್ಣದ ಹೂವು, ನಡುವೆ ಹಾವಿನಂತೆ ಹರಿದುಹೋದ ಒಂದು ಕಿರಿದಾದ ಹಾದಿ. ಆ ಹಾದಿಯಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲವಂತೆ. ಹೋಖ ವೇಲುವ ಎಂಬ ರಕ್ಷಿತಾರಣ್ಯವದು. ಬಾಗಿಲಿನಲ್ಲಿಯೇ ಸಾಲಾಗಿ ಬಿಳಿಯ ಸೈಕಲ್ಲುಗಳನ್ನು ನಿಲ್ಲಿಸಿರುತ್ತಾರೆ. ಒಳಗೆ ಬಂದವರು ಯಾವುದನ್ನಾದರೂ ತೆಗೆದುಕೊಂಡು ದಿನವಿಡೀ ಸುತ್ತಾಡಿ ಮರಳಿ ನಿಲ್ಲಿಸಿ ಹೋಗಬಹುದು. ಬಾಡಿಗೆಯಿಲ್ಲ. ಚಿತ್ರಗಳ ಕೆಳಗೆ ಆತ ಒಂದು ಪ್ರಶ್ನೆ ಬರೆದಿದ್ದ: "ಸರ್, ನೀವು ನಮಗೆ ಕಲಿಸುವಾಗ ಸೈಕಲ್ ಮ್ಯಾಲೆ ಅಡವಿ ಅಡವಿ ತಿರುಗತಿದ್ರಿ. ನಮ್ಮ ಕಡೆ ಇಂಥದ್ದೊಂದು ಹಾದಿ ಇನ್ನೂ ಉಳದೈತೇನ್ರಿ?"

ಒಂದು ಸಾಲಿನ ಪ್ರಶ್ನೆ. ಆದರೆ ಉತ್ತರ ಒಂದು ಸಾಲಿನಲ್ಲಿ ಬರೆಯಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಓದುಗ ಮಿತ್ರರು ಮುದುಕನ ನೆನಪುಗಳ ಅಡ್ಡಹಾದಿಗಳನ್ನು ಎಂದಿನಂತೆ ಮನ್ನಿಸಬೇಕು.

ಮೊದಲು ಆ ನೆಲಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ಒಂದು ತೊಡಕು. ಪುಸ್ತಕದ ಕನ್ನಡದಲ್ಲಿ 'ಕುರುಚಲು ಕಾಡು' ಎನ್ನುತ್ತೇವೆ. ನಮ್ಮ ಕೊಪ್ಪಳ ಸೀಮೆಯವರು ಹಾಗೆ ಅನ್ನುವುದಿಲ್ಲ. ಸರ್ಕಾರದ ದಫ್ತರದಲ್ಲಿ ಅದು ನಿಜಾಮರ ಕಾಲದಿಂದಲೂ 'ಗಾಯರಾಣ'. ಉಳದೆ ಬಿಟ್ಟ ಹೊಲವಾದರೆ 'ಬೀಳು' ಅಥವಾ 'ಪಡ'. ಉಳಿದಂತೆ ಊರ ಹೊರಗಿರುವುದೆಲ್ಲ 'ಅಡವಿ'. ಬೆಂಗಳೂರಿನ ಕಡೆಯ ಗೆಳೆಯರೊಬ್ಬರು ನಮ್ಮೂರಿಗೆ ಬಂದಾಗ, ನಮ್ಮ ಅವ್ವ 'ಅವ ಅಡವಿಗೆ ಹೋಗ್ಯಾನ' ಎಂದದ್ದು ಕೇಳಿ, ನಾನು ಹುಲಿ ಇರುವ ಕಾಡಿಗೆ ಹೋಗಿದ್ದೇನೆಂದು ಗಾಬರಿಯಾಗಿದ್ದರು. ನಾನು ಹೋದದ್ದು ಜೋಳದ ಹೊಲಕ್ಕೆ! ನಮ್ಮ ನಾಲಿಗೆಯಲ್ಲಿ ಹೊಲಕ್ಕೂ ಕಾಡಿಗೂ ಗೆರೆ ಎಳೆದಿಲ್ಲ. ಇದನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ನಾನು ಹುಟ್ಟಿದ್ದು ಯಲಬುರ್ಗಾ ತಾಲ್ಲೂಕಿನ ಎರೆಭೂಮಿಯಲ್ಲಿ, 1950ರಲ್ಲಿ. ಅದಕ್ಕೆ ಒಂದು ವರ್ಷ ಹಿಂದಿನವರೆಗೂ ಕೊಪ್ಪಳವೂ ಯಲಬುರ್ಗಾವೂ ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದವು. (ಹೈದರಾಬಾದಿನಲ್ಲಿ ಆ ಮನೆತನದ ಹೆಸರಿನ ಮ್ಯೂಸಿಯಂ ನೋಡಲು ಹೋದಾಗಲೆಲ್ಲ, ಆ ಗಡಿಯಾರ, ಅಮೃತಶಿಲೆಯ ಮೂರ್ತಿಗಳಲ್ಲಿ ನಮ್ಮಜ್ಜನ ಜೋಳದ ಪಾಲು ಎಷ್ಟಿರಬಹುದೆಂದು ಯೋಚಿಸುತ್ತೇನೆ.) ಎರೆಭೂಮಿಯಲ್ಲಿ ಸೈಕಲ್ಲು ತುಳಿದವರಿಗೆ ಮಳೆಗಾಲ ಹೇಗಿರುತ್ತದೆಂದು ವಿವರಿಸಬೇಕಿಲ್ಲ. ನಾಲ್ಕು ಹನಿ ಬಿದ್ದರೆ ಸಾಕು, ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಕಲ್ಲಾಗುತ್ತದೆ, ಗಾಲಿ ತಿರುಗುವುದಿಲ್ಲ. ಕಡ್ಡಿಯಿಂದ ಕೆತ್ತಿ ತೆಗೆದು ಹತ್ತು ಮಾರು ನೂಕಿದರೆ ಮತ್ತೆ ಅದೇ ಪಾಡು. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಊರು ಸೇರಬೇಕು. ನಮ್ಮ ಊರಿನಲ್ಲಿ ಮೊದಲು ಸೈಕಲ್ಲು ತಂದವರು ಅದರ ಮೇಲೆ ಕುಳಿತದ್ದಕ್ಕಿಂತ ಅದು ಅವರ ಮೇಲೆ ಕುಳಿತದ್ದೇ ಹೆಚ್ಚು ಎಂದು ಹಿರಿಯರು ನಗುತ್ತಿದ್ದರು.

1973ರಲ್ಲಿ ನನಗೆ ಕುಷ್ಟಗಿಗೂ ತಾವರಗೇರಾಕ್ಕೂ ನಡುವಿನ ಒಂದು ಹಳ್ಳಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ಬರಗಾಲದ ಬೇಗೆ ಇನ್ನೂ ಆರಿರಲಿಲ್ಲ. ದಿನಕ್ಕೊಂದು ಬಸ್ಸು, ಅದೂ ಬಂದರೆ ಬಂತು. ಮೊದಲ ಕೆಲವು ತಿಂಗಳ ಸಂಬಳದಲ್ಲಿ ಉಳಿಸಿ, 140 ರೂಪಾಯಿಗೆ ಒಂದು ಹಳೆಯ ರ‍್ಯಾಲಿ ಸೈಕಲ್ಲು ಕೊಂಡೆ. ಆ ಹೊತ್ತಿಗೆ ಸೈಕಲ್ಲು ಪರದೇಶಿ ವಸ್ತುವಾಗಿ ಉಳಿದಿರಲಿಲ್ಲ. ಸ್ವಾತಂತ್ರ್ಯ ಬಂದ ಹತ್ತು ವರ್ಷಗಳೊಳಗೆ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಬಂಗಾಳದ ಆಸನ್ಸೋಲಿನಲ್ಲಿ ಸೆನ್-ರ‍್ಯಾಲಿ, ಹರಿಯಾಣದ ಸೋನೆಪತ್‌ನಲ್ಲಿ ಅಟ್ಲಾಸ್ (1951), ಲೂಧಿಯಾನದಲ್ಲಿ ಹೀರೋ (1956) ಎಲ್ಲವೂ ತಲೆಯೆತ್ತಿದ್ದವು. ಹಳ್ಳಿಯ ಮಾಸ್ತರ, ಪೋಸ್ಟಮನ್, ಗ್ರಾಮಸೇವಕ, ಹಾಲು ಹಾಕುವವನು: ಈ ನಾಲ್ವರನ್ನು ಸೈಕಲ್ಲು ಬೇರೆಯೇ ಮನುಷ್ಯರನ್ನಾಗಿ ಮಾಡಿತು. ಅವರು ದಿನಕ್ಕೆ ಮೂರು ಊರು ಕಾಣುವವರಾದರು. ಪಟ್ಟಣದ ಒಳಗೆ ಹೋಗಬೇಕಾದರೆ ಮಾತ್ರ ಪುರಸಭೆಯ ಬಿಲ್ಲೆ ಇರಬೇಕಿತ್ತು, ರಾತ್ರಿಯಾದರೆ ದೀಪ ಬೇಕಿತ್ತು. ಅಡವಿಯಲ್ಲಿ ಬಿಲ್ಲೆ ಕೇಳುವವರು ಯಾರು!

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಹೊರಟರೆ, ತಾವರಗೇರಾ, ಕನಕಗಿರಿ ದಾಟಿ ಸಂಜೆಗೆ ಗಂಗಾವತಿ. ಅಲ್ಲಿ ನಮ್ಮ ಅಕ್ಕನ ಮನೆ. ಭಾನುವಾರ ಮರಳುವುದು. ಡಾಂಬರು ರಸ್ತೆ ಹಿಡಿದರೆ ಸುಲಭವಿತ್ತು, ಆದರೆ ನಾನು ಹಿಡಿಯುತ್ತಿದ್ದುದು ಬಂಡಿಯ ಜಾಡು ಮತ್ತು ಕುರಿಯ ಜಾಡು. ಎರಡು ಬಂಡಿ ಗಾಲಿಗಳ ನಡುವಿನ ಗಟ್ಟಿ ನೆಲ ಸೈಕಲ್ಲಿಗೆಂದೇ ಮಾಡಿಟ್ಟ ಹಾದಿಯಂತಿತ್ತು. ನಾಲ್ಕೈದು ತಾಸಿನಲ್ಲಿ ಎದುರಿಗೆ ಬರುತ್ತಿದ್ದುದು ಒಂದೋ ಎರಡೋ ಬಂಡಿ, ಒಂದು ಕುರಿಹಿಂಡು. ಎರೆಮಣ್ಣು ಹಿಂದೆ ಉಳಿದು ಮಸಾರಿ ನೆಲ ಬರುತ್ತಿತ್ತು, ಮಸಾರಿ ಮುಗಿದು ಗರಸು, ಗರಸು ಮುಗಿದು ಬಂಡೆಗಲ್ಲಿನ ಗುಡ್ಡಸಾಲು. ತಂಗಡಿ, ಬಂದರಿಕೆ, ಕವಳಿ, ಬಾರಿಯ ಪೊದೆಗಳು. ಮಳೆಗಾಲ ಮುಗಿಯುವಾಗ ತಂಗಡಿ ಹೂವು ಬಿಟ್ಟು ಗುಡ್ಡವೆಲ್ಲ ಅರಿಶಿನ ಎರಚಿದಂತಾಗುತ್ತಿತ್ತು. ನನ್ನ ವಿದ್ಯಾರ್ಥಿ ಕಳುಹಿಸಿದ ಚಿತ್ರದ ನೇರಳೆಗೆ ಸರಿಸಾಟಿ ಹಳದಿ ಅದು. ಬಾಯಾರಿದರೆ ಕವಳಿ ಹಣ್ಣು, ಹಸಿದರೆ ಬುತ್ತಿಯ ಕಟಕ ರೊಟ್ಟಿ. ಜಾಲಿಮುಳ್ಳಿಗೆ ಟ್ಯೂಬು ಬಲಿಯಾಗದ ಶನಿವಾರವೇ ಇರಲಿಲ್ಲವಾದ್ದರಿಂದ ಪಂಚರ್ ಹಾಕುವ ಸರಂಜಾಮು ಸೀಟಿನ ಕೆಳಗೆ ಸದಾ ಇರುತ್ತಿತ್ತು.

'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂಬುದು ನಮ್ಮ ಕಡೆಯ ಗಾದೆ. ನಾನು ಸೈಕಲ್ಲು ಇದ್ದವರ ಪರವಾಗಿ ಅದಕ್ಕೆ ಒಂದು ಊರು ಸೇರಿಸಬಲ್ಲೆ: ಹಿರೇಬೆಣಕಲ್. ಗಂಗಾವತಿಯಿಂದ ಕೊಪ್ಪಳದ ಕಡೆಗೆ ಹತ್ತು ಕಿಲೋಮೀಟರಿನಷ್ಟು ದೂರ. ಊರಿನಲ್ಲಿ ಸೈಕಲ್ಲು ಇಟ್ಟು ಗುಡ್ಡ ಹತ್ತಬೇಕು. ಊರವರು 'ಏಳು ಗುಡ್ಡ' ಎನ್ನುತ್ತಾರೆ, 'ಮೋರ್ಯರ ಗುಡ್ಡ' ಎಂದೂ ಎನ್ನುತ್ತಾರೆ. ಮೋರ್ಯರೆಂದರೆ ಮೊಳಕಾಲೆತ್ತರದ ಜನವಂತೆ. ಆ ಕಲ್ಲಿನ ಮನೆಗಳಲ್ಲಿ ವಾಸವಾಗಿದ್ದರಂತೆ. ಮೇಲೆ ಹೋಗಿ ನಿಂತರೆ ಕಥೆಯನ್ನು ನಂಬಬೇಕೆನಿಸುತ್ತದೆ. ಚಪ್ಪಡಿಗಲ್ಲುಗಳನ್ನು ಮೂರು ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದ ಮನೆಗಳ ಕೇರಿಯೇ ಅಲ್ಲಿದೆ. ಆದರೆ ಅವು ಬದುಕಿದವರ ಮನೆಗಳಲ್ಲ, ಸತ್ತವರ ನೆನಪಿಗೆ ಕಟ್ಟಿದವು. ಸುಮಾರು 400 ಇವೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನವೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ನಿಜಾಮರ ನೌಕರಿಯಲ್ಲಿದ್ದು ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲಿಯೇ ಇವುಗಳ ಬಗೆಗೆ ಬರೆದ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ ಸೇರಿತು. ಒಂದು ಎತ್ತರದ ಬಂಡೆಯ ಮೇಲೆ ಅರೆಗೋಳದಂಥ ಕಲ್ಲಿನ ನಗಾರಿಯಿದೆ. ಕೊರಡಿನಿಂದ ಬಡಿದರೆ ಅದರ ಸದ್ದು ಒಂದು ಕಿಲೋಮೀಟರಿಗೂ ಆಚೆ ಕೇಳಿಸುತ್ತದೆ. ಹರೆಯದಲ್ಲಿ ನಾನೂ ಬಡಿದಿದ್ದೇನೆ. ಬಡಿಯಬಾರದಿತ್ತು, ಆಗ ತಿಳಿಯಲಿಲ್ಲ.

ಅಲ್ಲಿ ಕುಳಿತು ಕೆಳಗೆ ನೋಡುವಾಗ ಮೂಡುತ್ತಿದ್ದ ಪ್ರಶ್ನೆ: ಇಷ್ಟು ದೊಡ್ಡ ಮಸಣವನ್ನು ಕಟ್ಟಿದವರು ಏನು ತಿಂದು ಬದುಕಿದರು? ಉತ್ತರದ ಒಂದು ಭಾಗ ರಾಯಚೂರು ದೋಆಬಿನ ಬೂದಿದಿಬ್ಬಗಳಲ್ಲಿದೆ. ಹೊಸ ಶಿಲಾಯುಗದ ಜನ ದನಗಳನ್ನು ಕೂಡಿಹಾಕಿದ ದೊಡ್ಡಿಗಳಲ್ಲಿ ಸಗಣಿ ರಾಶಿಬಿದ್ದು, ಅದನ್ನು ಮತ್ತೆ ಮತ್ತೆ ಸುಟ್ಟು, ಗುಡ್ಡದಂತಾದ ಬೂದಿಯವು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಉತ್ನೂರಿನ ದಿಬ್ಬವನ್ನು ಅಗೆದು ನೋಡಿ ಇದನ್ನು ಸ್ಥಿರಪಡಿಸಿದರು. ಆಕಳಿನ ಗೊರಸಿನ ಗುರುತುಗಳೇ ಅಲ್ಲಿ ಸಿಕ್ಕವು. ಎಂದರೆ ನಮ್ಮ ಈ ಗಾಯರಾಣಗಳಲ್ಲಿ ನಾಲ್ಕು ಸಾವಿರ ವರ್ಷಗಳಿಂದ ದನ ಮೇಯುತ್ತಿದೆ, ಆಮೇಲೆ ಕುರಿ ಮೇಯುತ್ತಿದೆ. ಹುಲ್ಲು ಬೆಳೆಯುತ್ತದೆ, ಮೇಯುತ್ತಾರೆ, ಪೊದೆ ಮರವಾಗುವುದಿಲ್ಲ. ಈ ಬಯಲು ಯಾರಿಗೂ ಬೇಡವಾಗಿ ಉಳಿದ ನೆಲವಲ್ಲ, ಮೇದು ಮೇದು ಮಾಡಿದ ನೆಲ. ವಿಚಿತ್ರವೆಂದರೆ ನನ್ನ ವಿದ್ಯಾರ್ಥಿ ಸೈಕಲ್ಲು ತುಳಿದ ಆ ಡಚ್ಚರ ಬಯಲೂ ಹೀಗೆಯೇ ಆದದ್ದು: ಶತಮಾನಗಳ ಕಾಲ ಕುರಿ ಮೇಯಿಸಿ. ಅವರೂ ಒಂದು ಕಾಲದಲ್ಲಿ ಅದನ್ನು ಪಾಳುನೆಲವೆಂದು ಬಗೆದು ಪೈನ್ ಮರ ನೆಟ್ಟು ಮುಚ್ಚತೊಡಗಿದ್ದರು. ಉಳಿದುದನ್ನು ಉಳಿಸಿಕೊಳ್ಳಲು ಈಗ ಮತ್ತೆ ಕುರಿಹಿಂಡುಗಳನ್ನೇ ಬಿಡುತ್ತಾರೆ.

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಅವು 1931ರಲ್ಲಿ ಬೆಳಕಿಗೆ ಬಂದವು. ಪೂರ್ವಕ್ಕೆ ಮಸ್ಕಿಯ ಶಾಸನ 1915ರಲ್ಲಿಯೇ ಸಿಕ್ಕಿತ್ತು. ಚಕ್ರವರ್ತಿಯ ಮಾತನ್ನು ಹೊತ್ತು ತಂದವರು ಮಸ್ಕಿಗೂ ಕೊಪ್ಪಳಕ್ಕೂ ನಡುವೆ ಯಾವ ಹಾದಿ ತುಳಿದಿರಬಹುದು? ನಾನು ಹಿಡಿಯುತ್ತಿದ್ದ ಕುರಿಯ ಜಾಡು ಆ ಹಾದಿಯೇ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಬಂಡೆಸಾಲುಗಳ ನಡುವಿನ ಕಣಿವೆಗಳು ಆಗಲೂ ಅಲ್ಲಿಯೇ ಇದ್ದವು, ನೀರಿನ ಹೊಂಡಗಳೂ ಅಲ್ಲಿಯೇ ಇದ್ದವು. ನಡೆಯುವವರಿಗೆ ಹೆಚ್ಚು ಆಯ್ಕೆ ಇರಲಿಲ್ಲ. ಕವಿರಾಜಮಾರ್ಗಕಾರ ತಿರುಳ್ಗನ್ನಡದ ಊರುಗಳಲ್ಲಿ ಒಂದಾಗಿ ಕೊಪಣವನ್ನು ಹೆಸರಿಸುವಾಗ ಆ ಕೊಪಣಕ್ಕೆ ಬರುತ್ತಿದ್ದ ಜೈನ ಯಾತ್ರಿಕರೂ ಈ ಪೊದೆಗಳ ನಡುವೆಯೇ ನಡೆದು ಬಂದಿರಬೇಕು.

ಇರಲಿ. ಈಗ ನಾನು ಬರೆಯಲು ಹಿಂಜರಿಯುತ್ತಿರುವ ವಿಷಯಕ್ಕೆ ಬರುತ್ತೇನೆ.

ನನ್ನ ನಾಲ್ಕನೆಯ ತರಗತಿಯಲ್ಲಿ ಅರ್ಧದಷ್ಟು ಹುಡುಗರು ಕುರಿ ಸಾಕುವ ಮನೆಗಳವರು. 'ತೋಳ ಬಂತು ತೋಳ' ಕಥೆಯನ್ನು ನಾನು ಬಹಳ ಅಭಿನಯಪೂರ್ವಕವಾಗಿ ಹೇಳಿದೆ. ಕಥೆ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತ. "ಸರ್, ಇದು ಖರೇ ಕಥಿ ಅಲ್ರಿ." ಯಾಕೋ ಎಂದೆ. "ನಮ್ಮೂರಾಗ ತ್ವಾಳ ಬಂತು ಅಂತ ಒದರಿದ್ರ ಎಲ್ಲಾರೂ ಓಡಿ ಬರ್ತಾರ್ರಿ. ಹತ್ತು ಸಲ ಸುಳ್ಳು ಒದರಿದ್ರೂ ಹನ್ನೊಂದನೇ ಸಲ ಬರ್ತಾರ್ರಿ. ಬರಲಿಲ್ಲಂದ್ರ ಮರಿ ಹೋಗ್ತಾವಲ್ರಿ?" ತರಗತಿ ನಕ್ಕಿತು, ನಾನೂ ನಕ್ಕೆ. ಆ ಕಥೆಯನ್ನು ಬರೆದವರು ಕುರಿ ಸಾಕಿದವರಲ್ಲ ಎಂಬುದು ನನಗೆ ಅಂದು ಹೊಳೆಯಿತು. ಆ ಹುಡುಗನ ಅಪ್ಪನಿಗೆ ನೂರರ ಆಸುಪಾಸು ಕುರಿಗಳಿದ್ದವು. ಸುಗ್ಗಿಯ ನಂತರ ಗಂಗಾವತಿಯ ಕಡೆಗೆ ಹಿಂಡು ಹೊಡೆದುಕೊಂಡು ಹೋಗಿ, ರೈತರ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರಕ್ಕೆ ಕಾಳು ಪಡೆಯುತ್ತಿದ್ದರು. ಹೀಗಾಗಿ ನನ್ನ ಶನಿವಾರದ ಹಾದಿಯಲ್ಲಿ ಅವರು ಒಮ್ಮೊಮ್ಮೆ ಸಿಗುತ್ತಿದ್ದರು.

1975ರ ಜನವರಿ, ಬನದ ಹುಣ್ಣಿಮೆಯ ಆಸುಪಾಸು. ಕನಕಗಿರಿ ದಾಟಿ ಒಂದು ಗುಡ್ಡದ ಬುಡದಲ್ಲಿ ಪಂಚರ್ ಆಯಿತು. ಬಂಡೆಯ ನೆರಳಿನಲ್ಲಿ ಕುಳಿತು ಟ್ಯೂಬು ಬಿಚ್ಚಿ ತೇಪೆ ಅಂಟಿಸುತ್ತಿದ್ದೆ. ಅರ್ಧ ತಾಸು ಸದ್ದಿಲ್ಲದೆ ಕುಳಿತಿದ್ದೆನೆಂದು ತೋರುತ್ತದೆ. ತಲೆಯೆತ್ತಿದಾಗ, ಎದುರಿನ ಬಂಡೆಗಳ ಸಂದಿಯಿಂದ ನಾಯಿಮರಿಯಂಥ ಮೂರು ಮರಿಗಳು ಹೊರಗೆ ಬಂದು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಕಂದುಬಣ್ಣ, ಮೊಂಡು ಮೂತಿ. ಸ್ವಲ್ಪ ಹೊತ್ತಿಗೆ ತಾಯಿ ಕಾಣಿಸಿತು. ಬಡಕಲು ದೇಹ, ಉದ್ದ ಕಾಲು, ಹುಲ್ಲಿನದೇ ಬಣ್ಣ. ಅದು ನನ್ನನ್ನು ನೋಡಿತು. ಓಡಲಿಲ್ಲ, ಹಲ್ಲು ತೋರಲಿಲ್ಲ. ಮರಿಗಳನ್ನು ಒಂದೊಂದಾಗಿ ಒಳಗೆ ನೂಕಿ, ತಾನು ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಗಿ, ನಾನು ಎದ್ದು ಅತ್ತ ಬರುತ್ತೇನೋ ಎಂಬಂತೆ ಕಾದು ನಿಂತಿತು. ನನ್ನನ್ನು ಗವಿಯಿಂದ ಬೇರೆಡೆಗೆ ಸೆಳೆಯುವ ಉಪಾಯವಿರಬೇಕು ಅದು. ಆಗ ಅದೂ ತಿಳಿಯಲಿಲ್ಲ.

ಅಂದು ಸಂಜೆ ಆ ಹುಡುಗನ ಅಪ್ಪ ಹಾದಿಯಲ್ಲಿ ಸಿಕ್ಕ. ಹಟ್ಟಿಯಲ್ಲಿ ಚಹಾ ಕಾಸಿ ಕೊಟ್ಟರು. ಕಂಬಳಿಯ ಮೇಲೆ ಕುಳಿತು, ಕಂಡದ್ದನ್ನು ಉತ್ಸಾಹದಿಂದ ಬಣ್ಣಿಸಿದೆ. ಮಾಸ್ತರನಾದವನಿಗೆ ಹೇಳುವ ಚಟ. ಗುಡ್ಡ ಯಾವುದು, ಬಂಡೆ ಯಾವುದು, ಸಂದಿ ಎಷ್ಟು ಅಗಲ, ಎಲ್ಲವನ್ನೂ ಹೇಳಿದೆ. ಆತ ಏನೂ ಅನ್ನಲಿಲ್ಲ. "ಹೌದ್ರ್ಯಾ?" ಎಂದಷ್ಟೇ ಕೇಳಿ ಚಿಲುಮೆ ತುಂಬಿದ.

ಮುಂದಿನ ಶನಿವಾರ ಹೋದಾಗ ಸಂದಿಯ ಬಾಯಿಗೆ ಕಲ್ಲು ಜಡಿದಿತ್ತು. ಕಲ್ಲಿನ ಮೇಲೆಲ್ಲ ಹೊಗೆಯ ಕರಿ. ಸುತ್ತ ಅರ್ಧ ಸುಟ್ಟ ಬಂದರಿಕೆಯ ಕಟ್ಟಿಗೆ ಮತ್ತು ಮೆಣಸಿನಕಾಯಿ.

ಅವರನ್ನು ದೂರಲು ನನ್ನಲ್ಲಿ ಆಗಲೂ ಮಾತಿರಲಿಲ್ಲ, ಈಗಲೂ ಇಲ್ಲ. ಹಿಂದಿನ ಮಳೆಗಾಲದಲ್ಲಿ ಆ ಮನೆಯ ಹದಿನಾಲ್ಕು ಮರಿಗಳನ್ನು ತೋಳ ಒಯ್ದಿತ್ತು. ಬರಗಾಲದಿಂದ ಉಳಿದ ಹಿಂಡು ಅದು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿಯೇ ಬಂದಿತ್ತು, ಆದರೆ ಕಾಯಿದೆ ದೆಹಲಿಯಿಂದ ಕುರಿಹಟ್ಟಿಗೆ ಬರಲು ಸೈಕಲ್ಲಿಗಿಂತ ನಿಧಾನ. ಅದಕ್ಕೂ ಮೊದಲು ಸರ್ಕಾರಗಳೇ ತೋಳ ಕೊಂದವರಿಗೆ ಇನಾಮು ಕೊಡುತ್ತಿದ್ದವು. 1871ರಿಂದ 1916ರವರೆಗೆ ಬ್ರಿಟಿಷ್ ಇಂಡಿಯಾದಲ್ಲಿ ಹೀಗೆ ಇನಾಮಿಗಾಗಿ ಕೊಂದ ತೋಳಗಳು ಲಕ್ಷದ ಸಮೀಪ ಎಂದು ಇತಿಹಾಸಕಾರರ ಅಂದಾಜು. ಈಗ ಇಡೀ ಭಾರತದಲ್ಲಿ ಉಳಿದಿರುವುದು ಎರಡು ಮೂರು ಸಾವಿರವಷ್ಟೇ ಎನ್ನುತ್ತಾರೆ; ಹುಲಿಗಳಿಗಿಂತ ಕಡಿಮೆ. ಅವುಗಳಲ್ಲಿ ಹೆಚ್ಚಿನವು ಬದುಕುವುದು ಅಭಯಾರಣ್ಯಗಳ ಒಳಗಲ್ಲ, ನಮ್ಮ ಗಾಯರಾಣಗಳಲ್ಲಿ, ಕುರಿಹಿಂಡುಗಳ ಬೆನ್ನ ಹಿಂದೆ. ಜಿಂಕೆಗಳು ಕಡಿಮೆಯಾದ ಕಡೆ ಅವುಗಳಿಗೆ ಕುರಿಯೇ ಅನ್ನ. ತೋಳ ಬದುಕಿದ್ದೂ ಕುರುಬರಿಂದ, ಸತ್ತದ್ದೂ ಅವರಿಂದ. ಆ ಮೂರು ಮರಿಗಳು ಮಾತ್ರ ಸತ್ತದ್ದು ಮಾಸ್ತರನ ಬಾಯಿಯಿಂದ.

ಇನ್ನೊಂದು ತಪ್ಪನ್ನೂ ಇಲ್ಲಿಯೇ ಒಪ್ಪಿಸಿಬಿಡುತ್ತೇನೆ. ಪ್ರತಿವರ್ಷ ಜುಲೈಯಲ್ಲಿ ವನಮಹೋತ್ಸವ. 1950ರಲ್ಲಿ ಮುನ್ಷಿಯವರು ಆರಂಭಿಸಿದ ಒಳ್ಳೆಯ ಕಾರ್ಯಕ್ರಮವೇ. ಆದರೆ ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಗಾಯರಾಣದಲ್ಲಿ ಗುಂಡಿ ತೋಡಿಸಿ, 'ಈ ಬರಡು ನೆಲವನ್ನು ಹಸಿರು ಮಾಡೋಣ' ಎಂದು ಭಾಷಣ ಮಾಡುತ್ತಿದ್ದೆ. ನೆಟ್ಟ ಸಸಿಗಳು ಬಹುಪಾಲು ಒಣಗಿದವು. ನೆಡದೆಯೂ ಹಬ್ಬಿದ್ದು ಬಳ್ಳಾರಿ ಜಾಲಿ. 19ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದ ಈ ಗಿಡ ಹುಲ್ಲನ್ನು ನುಂಗಿ, ಬಯಲನ್ನೇ ಬೇಲಿ ಮಾಡಿತು. ನಾನು ಸೈಕಲ್ಲು ತುಳಿದ ಎಷ್ಟೋ ಜಾಡುಗಳಲ್ಲಿ ಈಗ ಮನುಷ್ಯ ನುಸುಳಲಾರ. ಒಲೆಗೆ ಕಟ್ಟಿಗೆ ಕೊಟ್ಟಿತು, ಇದ್ದಿಲು ಸುಡುವವರಿಗೆ ಅನ್ನ ಕೊಟ್ಟಿತು, ಅದು ನಿಜ. 'ಬರಡು' ಎಂಬ ಆ ನನ್ನ ಮಾತು ಮಾತ್ರ ಸುಳ್ಳು. ನಮ್ಮ ಅವ್ವ ಎಂದೂ ಅದನ್ನು ಬರಡು ಎನ್ನಲಿಲ್ಲ, ಅಡವಿ ಎಂದಳು.

ಗಂಗಾವತಿಯ ಕಡೆಗೆ ನೆಲ ಬದಲಾದ ಬಗೆ ಬೇರೆ. 1945ರಲ್ಲಿ ತುಂಗಭದ್ರೆಗೆ ಅಣೆಕಟ್ಟಿನ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಂತು. ವಿಜಯನಗರದ ಅರಸರು ಆನೆಗೊಂದಿ, ಗಂಗಾವತಿಯ ಅಂಚಿಗೆ ತೋಡಿದ್ದ ಹಳೆಯ ಕಾಲುವೆಗಳು ನದಿಯ ಮಗ್ಗುಲನ್ನಷ್ಟೇ ತಣಿಸುತ್ತಿದ್ದವು. ಹೊಸ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ಕರಾವಳಿ ಆಂಧ್ರದಿಂದ ಬಂದ ರೈತರು 'ಕ್ಯಾಂಪು'ಗಳನ್ನು ಕಟ್ಟಿಕೊಂಡು ಪೊದೆ ಕಡಿದು ಗದ್ದೆ ಮಾಡಿದರು. ಗಂಗಾವತಿ ಭತ್ತದ ಕಣಜವಾಯಿತು. ಹಸಿದವರ ನಾಡಿನಲ್ಲಿ ಅದನ್ನು ತಪ್ಪೆನ್ನುವ ಬಾಯಿ ನನ್ನದಲ್ಲ. ನಮ್ಮ ಅಕ್ಕನ ಮನೆಯ ಅನ್ನ ಆ ನೀರಿನದೇ. 2024ರ ಆಗಸ್ಟ್ 10ರಂದು ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ ಗಂಗಾವತಿಯಲ್ಲಿ ಯಾರೂ ನಿದ್ರೆ ಮಾಡಲಿಲ್ಲ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆ ಇಳಿಸಿದ ಮೇಲೆಯೇ ಜೀವ ಬಂದದ್ದು. ನೀರು ಹೋಗಲಾಗದ ಬಂಡೆಗುಡ್ಡಗಳು ಮಾತ್ರ ಇದ್ದ ಹಾಗೆಯೇ ಉಳಿದವು. ಮೋರ್ಯರ ಮನೆಗಳೂ ತೋಳದ ಗವಿಗಳೂ ಒಟ್ಟಿಗೇ ಉಳಿದದ್ದಕ್ಕೆ ಕಾರಣ ಯಾರ ಕರುಣೆಯೂ ಅಲ್ಲ, ಕಾಲುವೆ ಗುಡ್ಡ ಹತ್ತಲಾರದು ಎಂಬುದು.

ಅಂಥ ಒಂದು ಉಳಿಕೆಯೇ ಬಂಕಾಪುರ. ಗಂಗಾವತಿ ಭಾಗದ ಈ ಊರಿನ ಸುಮಾರು 332 ಹೆಕ್ಟೇರ್ ಕುರುಚಲು ನೆಲ, ಗುಡ್ಡ, ಸಹಜ ಗವಿಗಳನ್ನು ಈಚೆಗೆ ತೋಳಗಳಿಗೆಂದೇ ಧಾಮವಾಗಿ ಕಾಯ್ದಿರಿಸಲಾಗಿದೆ. ತೋಳಕ್ಕೆಂದೇ ಮೀಸಲಾದ ಜಾಗ ನಮ್ಮ ರಾಜ್ಯದಲ್ಲಿ ಇದೇ ಮೊದಲು. ದೇಶದಲ್ಲಿ ಇದಕ್ಕೆ ಮೊದಲು ಇದ್ದದ್ದು ಜಾರ್ಖಂಡದ ಮಹುಆಡಾಂಡ್, 1976ರದು. ಕರಡಿಗೆ ದರೋಜಿ (1994), ಕೃಷ್ಣಮೃಗಕ್ಕೆ ರಾಣಿಬೆನ್ನೂರು (1974), ಚಿಂಕಾರಕ್ಕೆ ಯಡಹಳ್ಳಿ (2016) ಇದ್ದವು. ಕಥೆಯಲ್ಲಿ ಸದಾ ಕೆಟ್ಟವನಾದ ಪ್ರಾಣಿಗೆ ಮಾತ್ರ ಇಷ್ಟು ತಡ.

ಕಳೆದ ಚಳಿಗಾಲದಲ್ಲಿ ತಮ್ಮನ ಮಗನ ಬೈಕಿನ ಹಿಂದೆ ಕುಳಿತು ಆ ಕಡೆ ಹೋಗಿದ್ದೆ. ಸೈಕಲ್ಲು ತುಳಿಯುವ ಮೊಣಕಾಲು ಈಗ ನನ್ನದಲ್ಲ. ಕುಷ್ಟಗಿಯಲ್ಲಿ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ ದಾಟಲು ಹತ್ತು ನಿಮಿಷ ಕಾಯಬೇಕಾಯಿತು. ಎಲ್ಲಿಯೂ ಸೈಕಲ್ಲು ಕಾಣಲಿಲ್ಲವೆಂದೇ ಹೇಳಬೇಕು. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ, 2006-07ರಿಂದ, ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ, ಹಳ್ಳಿಯ ಹೆಣ್ಣುಮಕ್ಕಳು ಗಂಟೆ ಬಾರಿಸುತ್ತ ಸಾಲಾಗಿ ಹೈಸ್ಕೂಲಿಗೆ ಹೋಗುತ್ತಿದ್ದುದನ್ನು ಕಂಡು ಕಣ್ಣು ತುಂಬಿತ್ತು. ಕೊರೊನಾ ಬಂದ ಮೇಲೆ ಆ ಯೋಜನೆಯೂ ನಿಂತಿತು.

ಗವಿಯ ಆ ಗುಡ್ಡವನ್ನು ಗುರುತಿಸಲು ಬಹಳ ಹೊತ್ತು ಹಿಡಿಯಿತು. ಮಗ್ಗುಲಿನ ಗುಡ್ಡ ಅರ್ಧ ಇರಲಿಲ್ಲ. ಕಲ್ಲಿಗಾಗಿ ಒಡೆದು ಒಯ್ದಿದ್ದಾರೆ. ಇದರ ಬುಡದಲ್ಲಿ ಒಂದು ಹಿಂಡು ಮೇಯುತ್ತಿತ್ತು. ಕುರಿ ಕಾಯುತ್ತಿದ್ದವನು ನನ್ನನ್ನು ನೋಡಿ, ಕೈಯಲ್ಲಿದ್ದ ಮೊಬೈಲು ಕಿಸೆಗಿಟ್ಟು, ಹತ್ತಿರ ಬಂದು ಕಾಲಿಗೆ ಎರಗಿದ. ಕಥೆ ಖರೇ ಅಲ್ಲ ಎಂದಿದ್ದ ಆ ಹುಡುಗ! ತಲೆ ಪೂರ್ತಿ ಬೆಳ್ಳಗಾಗಿದೆ. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಯಿತಂತೆ.

ಐವತ್ತು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಅವನ ಮುಂದೆ ಆಡಿದೆ. ನಾನು ಅಂದು ಬಾಯಿಬಿಡಬಾರದಿತ್ತು ಎಂದೆ. ಅವನಿಗೆ ಮೊದಲು ಯಾವುದರ ಮಾತೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕ.

"ನೀವು ಹೇಳಲಿಲ್ಲಂದ್ರೂ ನಮ್ಮಪ್ಪಗ ಗೊತ್ತಾಗತಿತ್ರಿ ಮಾಸ್ತರ್ರ. ಆ ಗುಡ್ಡದಾಗ ವರ್ಷಾ ಹಾಕತಿತ್ತು. ನಮ್ಮಪ್ಪ ವರ್ಷಾ ಹೊಗಿ ಹಾಕತಿದ್ದ." ಸ್ವಲ್ಪ ಹೊತ್ತು ಬಿಟ್ಟು, "ನಾ ಹಾಕಿಲ್ರಿ" ಎಂದ.

ಯಾಕೆ ಎಂದು ಕೇಳಿದೆ. ಅವನು ಹಿಂಡಿನ ಕಡೆ ನೋಡಿದ. ಈಗ ತೋಳಕ್ಕಿಂತ ಊರ ನಾಯಿಗಳ ಕಾಟವೇ ಹೆಚ್ಚಂತೆ. ನಾಯಿಗಳು ಗುಂಪುಗಟ್ಟಿ ಬಂದು ಹಗಲಿನಲ್ಲೇ ಮರಿ ಹರಿಯುತ್ತವೆ, ಹತ್ತು ಹರಿದು ಒಂದನ್ನು ತಿನ್ನುತ್ತವೆ. ತೋಳ ಒಂದು ಒಯ್ದರೆ ಒಂದು. ತೋಳ ಒಯ್ದದ್ದಕ್ಕೆ ಅರಣ್ಯ ಇಲಾಖೆಯಲ್ಲಿ ಅರ್ಜಿ ಕೊಟ್ಟರೆ ಪರಿಹಾರವಿದೆ. ಅರ್ಜಿಗೆ ಫೋಟೋ ಬೇಕು, ಪಂಚನಾಮೆ ಬೇಕು, ಓಡಾಡಬೇಕು. ಈ ವರ್ಷ ನಾಲ್ಕು ಮರಿ ಹೋಗಿವೆ, ಎರಡಕ್ಕೆ ಅರ್ಜಿ ಹಾಕಿದ್ದಾನೆ. ಇನ್ನೆರಡು ಯಾವುದು ಹಿಡಿಯಿತೋ ಅವನು ನೋಡಿಲ್ಲ, ನೋಡದ್ದಕ್ಕೆ ಸುಳ್ಳು ಬರೆಯಲಾರ.

ನೆದರ್‌ಲ್ಯಾಂಡ್ಸಿನ ನನ್ನ ವಿದ್ಯಾರ್ಥಿಗೆ ಇದನ್ನೆಲ್ಲ ಬರೆದು, ಕೊನೆಗೆ ಉತ್ತರವನ್ನೂ ಬರೆದಿದ್ದೇನೆ: ಬಂಕಾಪುರದೊಳಗೆ ಸೈಕಲ್ಲು ಬಿಡುವ ಯೋಚನೆ ಬೇಡ, ತೋಳಕ್ಕೆ ಆ 332 ಹೆಕ್ಟೇರೇ ಕಡಿಮೆ. ನೀನು ಊರಿಗೆ ಬಂದಾಗ ಎಡದಂಡೆ ಕಾಲುವೆಯ ಏರಿಯ ಮೇಲೆ ತುಳಿಯೋಣ, ಎಂದರೆ ನೀನು ತುಳಿ, ನಾನು ಹಿಂದೆ ಕುಳಿತಿರುತ್ತೇನೆ. ಮುಂಜಾನೆ ಅಲ್ಲಿ ನೀರಗಂಟಿಯ ಹೊರತು ಯಾರೂ ಸಿಗುವುದಿಲ್ಲ. ಹಿರೇಬೆಣಕಲ್ಲಿನ ಗುಡ್ಡಗಳೂ ಅತ್ತ ಕಾಣುತ್ತವೆ. ಅವನಿಂದ ಮರುದಿನವೇ ಓಲೆ ಬಂತು. ಆ ಬಿಳಿ ಸೈಕಲ್ಲುಗಳ ಬಯಲಿಗೂ, ನೂರೈವತ್ತು ವರ್ಷ ಕಾಣದೇ ಹೋಗಿದ್ದ ತೋಳಗಳು ಈಚೆಗೆ ಮರಳಿ ಬಂದಿವೆಯಂತೆ. ಕುರಿ ಸಾಕುವವರು ಅಲ್ಲಿಯೂ ಸಿಟ್ಟಾಗಿದ್ದಾರಂತೆ. ಕ್ಯಾರಿಯರ್ ಗಟ್ಟಿಯಿರುವ ಸೈಕಲ್ಲೊಂದನ್ನು ಈಗಲೇ ನೋಡಿಡಿ ಎಂದೂ ಬರೆದಿದ್ದಾನೆ.